ಮಜೂರಿ ಕಳಿಸೋದಕ್ಕೆ ಬ್ಯಾಂಕಿಗೂ ಮಜೂರಿ ಕೊಡಬೇಕಾ?

ಮೊದಲು ನಮ್ಮ ಅಂಗಡಿಯಿಂದ ವರ್ಷಕ್ಕೆ ಇಪ್ಪತ್ನಾಲ್ಕು ಇಪ್ಪತ್ತೈದು ಸಾವಿರ ರೂಪಾಯಿ ಬರೀ ಬ್ಯಾಂಕ್ ಶುಲ್ಕಕ್ಕೆ ಹೋಗುತ್ತಿತ್ತು. ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಇಲ್ಲಿನ ದುಡ್ಡು ಅಲ್ಲಿಗೆ, ಅಲ್ಲಿನದು ಇಲ್ಲಿಗೆ ಮಾಡಿದ್ದಕ್ಕೆ ಅಷ್ಟು. ಈಗ ಅದು ಎರಡು ಸಾವಿರದ ಒಳಗೆ ಬಂದಿದೆ. ಬ್ಯಾಂಕು ಬದಲಿಸಿಲ್ಲ, ನಗದಿಗೂ ವಾಪಸ್ ಹೋಗಿಲ್ಲ. ‘ಇದು ಆಗೂ ಮಾತಲ್ರಿ’ ಎಂದು ನಕ್ಕಿದ್ದ ನಮ್ಮ ಪೇಟೆಯ ವ್ಯಾಪಾರಿಗಳೇ ಈಗ ಫೋನ್ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. ಒಬ್ಬೊಬ್ಬರಿಗೂ ಮೊದಲಿಂದ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಮ್ಮದು ಇಳಕಲ್, ಸೀರೆ ವ್ಯಾಪಾರ. ನೂಲು, ರೇಷ್ಮೆ ನಾವು ಕೊಡುತ್ತೇವೆ. ನೇಕಾರರು ತಮ್ಮ ಮನೆಯ ಮಗ್ಗದಲ್ಲಿ ನೇಯ್ದು ಕೊಡುತ್ತಾರೆ. ಸೀರೆಗೆ ಇಷ್ಟು ಅಂತ ಮಜೂರಿ. ಕೆಲವು ಮಗ್ಗ ಊರಲ್ಲೇ ಇವೆ, ಉಳಿದವು ಕಮತಗಿ, ಸೂಳೇಭಾವಿ, ಅಮೀನಗಡ ಕಡೆ. ಎಲ್ಲ ಸೇರಿ ಮೂವತ್ತರ ಆಸುಪಾಸು. ಮಾಲು ಹೋಗುವುದು ಜಾಸ್ತಿ ಸೊಲ್ಲಾಪುರ, ಕೊಲ್ಲಾಪುರ, ಪುಣೆಗೆ.

ಅಂದರೆ ದುಡ್ಡು ಮೂರು ತರಹ ಓಡಾಡುತ್ತದೆ. ವಾರಕ್ಕೊಮ್ಮೆ ಮೂವತ್ತು ಮನೆಗೆ ಎರಡು, ಎರಡೂವರೆ ಸಾವಿರ. ತಿಂಗಳಿಗೆ ಒಂದೆರಡು ಸಲ ನೂಲಿನವರಿಗೆ, ರೇಷ್ಮೆಯವರಿಗೆ ಲಕ್ಷದ ಲೆಕ್ಕದಲ್ಲಿ. ಆಮೇಲೆ ಅಂಗಡಿಗಳಿಂದ ನಮಗೆ ಬರುವುದು.

ಚಾಲ್ತಿ ಖಾತೆಯ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ, ಶುಲ್ಕ ಅಂತ ಇದ್ದ ಸಾಲಿಗೆಲ್ಲ ಕೆಂಪು ಪೆನ್ನಿನಲ್ಲಿ ಗೆರೆ ಎಳೆದೆ. ಹಾಳೆ ಕುಂಕುಮದ ಹಾಗಾಯಿತು. ಮಜೂರಿ ಐಎಂಪಿಎಸ್‌ನಲ್ಲಿ, ಅಂದರೆ ಹಣ ತಕ್ಷಣ ಮುಟ್ಟುವ ದಾರಿಯಲ್ಲಿ, ಹೋಗುತ್ತಿತ್ತು. ಒಂದು ಸಲಕ್ಕೆ ಐದು ರೂಪಾಯಿ, ಮೇಲೆ ಶೇಕಡ 18 ಜಿಎಸ್‌ಟಿ, ಅಂದರೆ 5 ರೂಪಾಯಿ 90 ಪೈಸೆ. ಕೇಳಲಿಕ್ಕೆ ಏನೂ ಅಲ್ಲ. ವಾರಕ್ಕೆ ಮೂವತ್ತು ಸಲ, ವರ್ಷವಿಡೀ ಹಾಕಿ ನೋಡಿ, ಒಂಬತ್ತು ಸಾವಿರ ದಾಟುತ್ತದೆ. ಸೊಲ್ಲಾಪುರದ ಅಂಗಡಿಯವರು ಅಲ್ಲಿನ ಶಾಖೆಯಲ್ಲಿ ನಮ್ಮ ಖಾತೆಗೆ ನಗದು ಕಟ್ಟುತ್ತಿದ್ದರು. ಬೇರೆ ಊರಿನ ಶಾಖೆ ಅಂತ ಒಂದು ಶುಲ್ಕ, ನೋಟು ಎಣಿಸಿದ್ದಕ್ಕೆ ಇನ್ನೊಂದು. ಅದೂ ವರ್ಷಕ್ಕೆ ಎಂಟೊಂಬತ್ತು ಸಾವಿರ. ಉಳಿದಿದ್ದು ಚಿಲ್ಲರೆ ಪಲ್ಲರೆ: ಎಸ್‌ಎಂಎಸ್ ಶುಲ್ಕ, ಸೀಸನ್ ಮುಗಿದಾಗ ಬ್ಯಾಲೆನ್ಸ್ ಇಳಿದದ್ದಕ್ಕೆ ದಂಡ, ವಾಪಸಾದ ಚೆಕ್ಕು, ಲೆಕ್ಕದ ಪುಟಕ್ಕೆ ಇಷ್ಟು ಅಂತ ಹಾಕುವ ಫೋಲಿಯೋ ಶುಲ್ಕ, ಹಾಡು ಹಾಡುವ ಸೌಂಡ್ ಬಾಕ್ಸಿನ ಬಾಡಿಗೆ.

ನನಗೆ ಸಿಟ್ಟು ಬಂದದ್ದು ಒಂದು ಲೆಕ್ಕ ನೋಡಿ. ಆರ್‌ಬಿಐ ಮಿತಿ ಪ್ರಕಾರ ಶಾಖೆಗೆ ಹೋಗಿ ಐದು ಲಕ್ಷಕ್ಕಿಂತ ಜಾಸ್ತಿ ಆರ್‌ಟಿಜಿಎಸ್ (ದೊಡ್ಡ ಮೊತ್ತ ಕಳಿಸುವ ದಾರಿ) ಮಾಡಿದರೂ 49 ರೂಪಾಯಿ 50 ಪೈಸೆಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಜಿಎಸ್‌ಟಿ ಬೇರೆ. ಸಾವಿರಕ್ಕೆ ಹತ್ತು ಪೈಸೆ ಬಿತ್ತು. ನಾನು ಎರಡು ಸಾವಿರ ಕಳಿಸಿದರೆ ಸಾವಿರಕ್ಕೆ ಮೂರು ರೂಪಾಯಿ. ದೊಡ್ಡ ದುಡ್ಡಿಗೆ ಬ್ಯಾಂಕು ಹಗುರ, ಸಣ್ಣ ದುಡ್ಡಿಗೆ ಭಾರ. ನೇಕಾರನ ಮಜೂರಿಯೇ ತುಟ್ಟಿ.

‘ಎನ್‌ಇಎಫ್‌ಟಿ ಪುಕ್ಕಟೆ ಅಲ್ವಾ?’ ಅಂತ ಎಲ್ಲರೂ ಕೇಳುತ್ತಾರೆ. ಅದು ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಇನ್ನೊಂದು ದಾರಿ, ಸ್ವಲ್ಪ ತಡ. ಆರ್‌ಬಿಐ ತನ್ನ ಪಾಲಿನ ಶುಲ್ಕ ಬಿಟ್ಟದ್ದು 2019ರ ಜುಲೈನಲ್ಲಿ. 2020ರ ಜನವರಿಯಿಂದ ಉಳಿತಾಯ ಖಾತೆಯವರು ಆನ್‌ಲೈನ್‌ನಲ್ಲಿ ಎನ್‌ಇಎಫ್‌ಟಿ ಮಾಡಿದರೆ ಬ್ಯಾಂಕು ಏನೂ ತೆಗೆದುಕೊಳ್ಳಬಾರದು ಎಂದಿತು. ಉಳಿತಾಯ ಖಾತೆ ಎಂಬ ಮಾತನ್ನು ಗಮನಿಸಿ. ನಮ್ಮಂಥವರ ಚಾಲ್ತಿ ಖಾತೆಗೆ ಅದು ಬ್ಯಾಂಕಿನ ಮರ್ಜಿ. ಹಾಗಾದರೆ ಉಳಿತಾಯ ಖಾತೆಯಲ್ಲೇ ವ್ಯಾಪಾರ ನಡೆಸಿಬಿಡಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಬೇಡ. ಬ್ಯಾಂಕಿನ ಕಣ್ಣಿಗೆ ಬಿದ್ದು ಖಾತೆ ತಡೆದರೆ ಶನಿವಾರದ ಮಜೂರಿ ಯಾರು ಕೊಡುತ್ತಾರೆ?

ಈಗ ಕೆಡಿಸಿಕೊಂಡ ಪ್ರಯೋಗಗಳು. ನನಗೆ ಇವೇ ಮುಖ್ಯ, ಯಾಕೆಂದರೆ ನೀವೂ ಮೊದಲು ಇವನ್ನೇ ಮಾಡುತ್ತೀರಿ.

ನೇಕಾರರೆಲ್ಲರ ಖಾತೆ ನಮ್ಮ ಬ್ಯಾಂಕಿನಲ್ಲೇ ತೆಗೆಸಿದರೆ ಒಳಗಿಂದೊಳಗೇ ಪುಕ್ಕಟೆ ಹಾಕಬಹುದು ಎಂಬುದು ಮೊದಲ ಯೋಚನೆ. ಮ್ಯಾನೇಜರ್ ಸಾಹೇಬರು ಖುಷಿಯಾಗಿ ಸೂಳೇಭಾವಿಗೆ ಹುಡುಗನನ್ನೇ ಕಳಿಸಿದರು, ಫಾರ್ಮ್ ತುಂಬಿಸಿದರು. ಎರಡು ಮೂರು ತಿಂಗಳು ಚೆಂದ ನಡೆಯಿತು. ಆಮೇಲೆ ಗೊತ್ತಾಯಿತು, ಅವು ಮಿನಿಮಮ್ ಬ್ಯಾಲೆನ್ಸ್ ಬೇಕಾದ ಖಾತೆಗಳು. ನೇಕಾರರು ಮಜೂರಿ ಬಂದ ದಿನವೇ ಪೂರ್ತಿ ತೆಗೆಯುತ್ತಾರೆ, ಅವರಿಗೆ ಬೇರೆ ದಾರಿ ಇಲ್ಲ. ತಿಂಗಳ ಕೊನೆಗೆ ದಂಡ. ಒಬ್ಬ ಅಕ್ಕನ ಖಾತೆಗೆ ನಾನು ಹಾಕಿದ್ದು ಸಾವಿರದ ಎಂಟುನೂರು, ಆಕೆಯ ಕೈಗೆ ಬಂದದ್ದು ಸಾವಿರದ ನಾಲ್ಕುನೂರು ಚಿಲ್ಲರೆ. ‘ಅಣ್ಣಾರ, ನೀವರ ಕಡಿಮಿ ಹಾಕೀರಿ, ಇಲ್ಲಾ ಬ್ಯಾಂಕಿನ್ಯಾವ್ರರ ತಿಂದಾರ. ಯಾರಂತ ನೀವ ಹೇಳ್ರಿ’ ಎಂದಳು. ನನ್ನ ಜೇಬಿನ ಆರು ರೂಪಾಯಿ ಉಳಿಸಲಿಕ್ಕೆ ಆಕೆಯ ನಾಲ್ಕುನೂರು ಹೋಗಿತ್ತು. ಹೋರಾಡಿ ಆ ಖಾತೆಗಳನ್ನು ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಿದೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲದ ಅಂಥ ಖಾತೆ ಕೊಡಲೇಬೇಕು ಎಂದು ಆರ್‌ಬಿಐ ಬ್ಯಾಂಕುಗಳಿಗೆ 2012ರಲ್ಲೇ ಹೇಳಿದೆ. ಕೇಳದೆ ಯಾರೂ ಕೊಡುವುದಿಲ್ಲ ಅಷ್ಟೇ. ಈಗೀಗ ಕೆಲವು ಸರ್ಕಾರಿ ಬ್ಯಾಂಕುಗಳು ಉಳಿತಾಯ ಖಾತೆಗೆ ಈ ದಂಡವನ್ನೇ ಬಿಟ್ಟಿವೆ.

ಆಮೇಲೆ ಬಲ್ಕ್ ಪೇಮೆಂಟ್. ಒಂದು ಎಕ್ಸೆಲ್ ಫೈಲ್ ಏರಿಸಿದರೆ ಮೂವತ್ತೂ ಮಂದಿಗೆ ಒಟ್ಟಿಗೇ ಹೋಗುತ್ತದೆ, ಕೇಳಲಿಕ್ಕೆ ಬಹಳ ಚೆಂದ. ಅದಕ್ಕೆ ಕಂಪನಿಗಳ ನೆಟ್ ಬ್ಯಾಂಕಿಂಗ್ ಬೇಕು, ಅದಕ್ಕೆ ಬೇರೆ ವರ್ಷದ ಶುಲ್ಕ. ಜೊತೆಗೆ ಒಬ್ಬ ಫೈಲ್ ಹಾಕಬೇಕು, ಇನ್ನೊಬ್ಬ ಒಪ್ಪಬೇಕು. ನಮ್ಮ ಅಂಗಡಿಯಲ್ಲಿ ಹಾಕುವವನೂ ನಾನೇ, ಒಪ್ಪುವವನೂ ನಾನೇ, ಚಹಾ ತರುವವನೂ ನಾನೇ. ಬಿಟ್ಟೆ.

ಸೊಸೈಟಿ ದಾರಿಯನ್ನೂ ನೋಡಿದೆ. ನಮ್ಮ ಕಡೆ ಓಣಿಗೊಂದು ಪತ್ತಿನ ಸೌಹಾರ್ದ ಇದೆ, ನೇಕಾರರಿಗೆ ಅಲ್ಲಿ ಸಲಿಗೆ ಜಾಸ್ತಿ. ಆದರೆ ಸೊಸೈಟಿ ಬ್ಯಾಂಕಲ್ಲ. ಹೊರಗಿನಿಂದ ಹಣ ಬರಬೇಕಾದರೆ ಅದು ಬೇರೆ ಬ್ಯಾಂಕಿನಲ್ಲಿಟ್ಟ ತನ್ನ ಖಾತೆಯ ಮೂಲಕ ಬರಬೇಕು. ನಾನು ಹಾಕಿದ್ದು ಸೊಸೈಟಿಯ ಒಟ್ಟು ಖಾತೆಗೆ ಬಿದ್ದು, ಯಾರ ಪಾಲಿಗೆ ಎಷ್ಟು ಅಂತ ಗುಮಾಸ್ತ ಸೋಮವಾರ ಬಂದು ಹುಡುಕಬೇಕು. ಭಾನುವಾರ ಮನೆಗೆ ಸಾಮಾನು ತರುವವರಿಗೆ ಸೋಮವಾರದ ದುಡ್ಡು ಯಾತಕ್ಕೆ? ವಾರದ ಬದಲು ಹದಿನೈದು ದಿನಕ್ಕೊಮ್ಮೆ ಕೊಟ್ಟರೆ ಶುಲ್ಕ ಅರ್ಧ ಆಗುತ್ತದೆ ಎಂದು ಹೇಳಿ ನೋಡಿದೆ. ಒಬ್ಬರೂ ಒಪ್ಪಲಿಲ್ಲ. ನಾನಾದರೂ ಒಪ್ಪುತ್ತಿರಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಎಲ್ಲರ ಕೈಯಲ್ಲಿರುವ ಯುಪಿಐ. ‘ಇಷ್ಟೇನಾ?’ ಅನ್ನಬೇಡಿ. ಯುಪಿಐ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ, ನೇಕಾರರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಮುದುಕಿಯರ ಹತ್ತಿರ ಕೀಪ್ಯಾಡ್ ಫೋನೂ ಇಲ್ಲ, ನಿಜ. ಆದರೆ ತೆಗೆದುಕೊಳ್ಳುವವರ ಹತ್ತಿರ ಫೋನ್ ಇರಲೇಬೇಕು ಅಂತ ಯಾರು ಹೇಳಿದರು? ಅದೇ ಆ್ಯಪಿನಲ್ಲಿ ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡ್) ಹಾಕಿಯೂ ಕಳಿಸಬಹುದು. ಪಾಸ್‌ಬುಕ್ ಇದ್ದರೆ ಸಾಕು. ಅವರು ಯುಪಿಐಗೆ ಸೇರಿರಬೇಕಿಲ್ಲ. ನನ್ನ ಖಾತೆಯಿಂದ ಒಂದು ಪೈಸೆ ಕಟ್ಟಾಗುವುದಿಲ್ಲ. ನಮ್ಮ ಪೇಟೆಯಲ್ಲಿ ಇದನ್ನು ಮೊದಲು ಮಾಡಿದವನು ನಾನೇ ಎಂದರೆ ಯಾರೂ ಇಲ್ಲ ಎನ್ನಲಿಕ್ಕಿಲ್ಲ.

ಇಲ್ಲೂ ತೊಡಕು ಬಂದವು. ಖಾತೆ ನನ್ನ ಮತ್ತು ತಮ್ಮನ ಇಬ್ಬರ ಸಹಿಯಲ್ಲಿ ನಡೆಯುತ್ತಿತ್ತು. ಅಂಥ ಖಾತೆ ಆ್ಯಪಿಗೆ ಸೇರಲಿಲ್ಲ. ಯಾರಾದರೂ ಒಬ್ಬರ ಸಹಿ ಸಾಕು ಎಂದು ಪತ್ರ ಕೊಟ್ಟು ಬದಲಿಸಿದೆವು. ತಮ್ಮ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದ. ಆಮೇಲೆ ಮಿತಿ. ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷ, ಇಪ್ಪತ್ತು ಸಲ. ಲಕ್ಷದ ಮಿತಿ ನಮಗೆ ಅಡ್ಡ ಬರಲಿಲ್ಲ, ಇಪ್ಪತ್ತರದ್ದು ಬಂತು. ಮೊದಲ ಶನಿವಾರ ಇಪ್ಪತ್ತನೆಯವರ ತನಕ ಸರಾಗವಾಗಿ ಹೋಗಿ, ಅಲ್ಲಿಂದ ಆ್ಯಪು ಕೈಯೆತ್ತಿತು. ಅಮೀನಗಡದವರು ಪೂರ್ತಿ ಉಳಿದರು. ಈಗ ಕಮತಗಿ, ಸೂಳೇಭಾವಿಯವರಿಗೆ ಶುಕ್ರವಾರ ಸಂಜೆ, ಇಳಕಲ್ ಮತ್ತು ಅಮೀನಗಡದವರಿಗೆ ಶನಿವಾರ ರಾತ್ರಿ. ನಡುವೆ 24 ಗಂಟೆ ದಾಟಿರಬೇಕು, ಅದನ್ನು ನೋಡಿಕೊಳ್ಳಿ. ಹೊಸದಾಗಿ ಆ್ಯಪಿಗೆ ಸೇರಿದವರಿಗೆ ಮೊದಲ 24 ಗಂಟೆ ಐದು ಸಾವಿರದ ಮಿತಿ ಇರುತ್ತದೆ. ಆದ್ದರಿಂದ ಮಜೂರಿ ದಿನವೇ ಫೋನ್ ಬದಲಿಸಬೇಡಿ.

ಐಎಫ್‌ಎಸ್‌ಸಿ ಬಗ್ಗೆ ಒಂದು ಮಾತು. ಅದರಲ್ಲಿ ಹನ್ನೊಂದು ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ ಓ ಬರೆದು ಕಳಿಸುತ್ತಾರೆ. ಅದನ್ನು ಸರಿ ಮಾಡಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತವೆ. ಇನ್ನರ್ಧ ಹಳೆಯ ಪಾಸ್‌ಬುಕ್. ನಮ್ಮ ಕಡೆ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ಇನ್ನೂ ಟ್ರಂಕಿನಲ್ಲಿಟ್ಟವರಿದ್ದಾರೆ. ಅದು 2020ರ ಏಪ್ರಿಲ್‌ನಲ್ಲೇ ಕೆನರಾ ಬ್ಯಾಂಕಿನಲ್ಲಿ ಸೇರಿತು, ಹಳೆಯ ಕೋಡುಗಳು 2021ರ ಜುಲೈನಿಂದ ನಡೆಯುವುದಿಲ್ಲ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಪಾಸ್‌ಬುಕ್ಕಿನ ಫೋಟೋ ನಂಬಬೇಡಿ, ಶಾಖೆಯಲ್ಲಿ ಈಗಿನ ಕೋಡ್ ಕೇಳಿ ಬರೆದುಕೊಳ್ಳಿ. ಹೊಸ ಖಾತೆಗೆ ಮೊದಲು ಒಂದು ರೂಪಾಯಿ ಹಾಕಿ ನೋಡುವುದು ನನ್ನ ರೂಢಿ. ಆ ಒಂದು ರೂಪಾಯಿಯನ್ನು ಈವರೆಗೆ ಯಾರೂ ವಾಪಸ್ ಕೊಟ್ಟಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಯಾವ ಖಾತೆಗೆ ಹಾಕುವುದು ಎಂಬ ಪ್ರಶ್ನೆ. ಹಲವರದು ಪೂರ್ತಿ ಕೆವೈಸಿ (ಗುರುತು, ವಿಳಾಸದ ದಾಖಲೆ) ಇಲ್ಲದೆ ಕ್ಯಾಂಪಿನಲ್ಲಿ ತೆಗೆದ ಖಾತೆ. ಅಂಥ ಸಣ್ಣ ಖಾತೆಗೆ ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗುವಂತಿಲ್ಲ, ತಿಂಗಳಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ. ಏಪ್ರಿಲ್‌ನಿಂದ ವಾರಕ್ಕೆ ಎರಡೂವರೆ ಸಾವಿರ ಹಾಕುತ್ತಾ ಹೋದರೆ ಸಂಕ್ರಾಂತಿ ಹೊತ್ತಿಗೆ, ಜನರಿಗೆ ದುಡ್ಡು ಬೇಕಾದಾಗಲೇ, ಖಾತೆ ಕಟ್ಟಿ ನಿಲ್ಲುತ್ತದೆ. ಇನ್ನು ಕೆಲವರ ಖಾತೆಗೆ ಸಾಲದ ಕಂತು ಅಂಟಿಕೊಂಡಿರುತ್ತದೆ. ಮಜೂರಿ ಬಿದ್ದ ತಕ್ಷಣ ಕಂತಿಗೆ ಹೋಗುತ್ತದೆ. ಗಂಡನ ಖಾತೆಗೆ ಹಾಕಿದರೆ ಎಲ್ಲಿಗೆ ಹೋಗುತ್ತದೆ ಅಂತ ಬರೆಯಬೇಕಿಲ್ಲ.

ದಾರಿ ತೋರಿಸಿದವಳು ಕಮತಗಿಯ ಒಬ್ಬ ಅಕ್ಕ. ‘ಗೃಹಲಕ್ಷ್ಮಿ ರೊಕ್ಕ ಬರೂ ಖಾತೇಕ ಹಾಕ್ರಿ. ಅದು ನಂದ. ಅದರ ಪಾಸ್‌ಬುಕ್ಕ ನನ್ನ ಕಡೇನ ಐತಿ’ ಎಂದಳು. ಗೃಹಲಕ್ಷ್ಮಿ 2023ರ ಆಗಸ್ಟ್‌ನಲ್ಲಿ ಶುರುವಾದಾಗ ಹೆಂಗಸರು ಬ್ಯಾಂಕಿಗೆ ಅಲೆದು ಆಧಾರ್ ಜೋಡಿಸಿ, ಕೆವೈಸಿ ಮಾಡಿಸಿ ಖಾತೆ ಸರಿ ಮಾಡಿಕೊಂಡಿದ್ದರು. ಜೀವಂತ ಖಾತೆ. ಇಡೀ ಕೆಲಸವನ್ನು ಸರ್ಕಾರ ಮತ್ತು ಅವರೇ ಸೇರಿ ಮುಗಿಸಿಟ್ಟಿದ್ದರು, ನಾನು ನಂಬರ್ ಬರೆದುಕೊಂಡೆ ಅಷ್ಟೇ. ಅಲ್ಲಿಂದ ಮುಕ್ಕಾಲು ಪಾಲು ತಲೆನೋವು ಹೋಯಿತು. ‘ಖಾತೆಗೆ ಜಾಸ್ತಿ ದುಡ್ಡು ಬಂದರೆ ರೇಷನ್ ಕಾರ್ಡು ಹೋಗುತ್ತದಾ?’ ಎಂದು ಹೆದರುವವರು ಈಗಲೂ ಇದ್ದಾರೆ. ಕಾರ್ಡಿಗೆ ನೋಡುವುದು ಮನೆಯ ಆದಾಯ. ನಗದು ತೆಗೆದುಕೊಂಡರೂ ಆದಾಯ ಅಷ್ಟೇ ತಾನೆ ಎಂದು ಹೇಳಿ ಹೇಳಿ ಬಾಯಿ ನೋಯುತ್ತದೆ.

ಮಜೂರಿ ತೆಗೆಯುವಾಗ ಅವರಿಗೂ ಹೊರೆ ಆಗಬಾರದು. ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಪುಕ್ಕಟೆ, ಅದಾದ ಮೇಲೆ ಸಲಕ್ಕೆ 23 ರೂಪಾಯಿ ತನಕ ತೆಗೆದುಕೊಳ್ಳಬಹುದು, 2025ರ ಮೇ ತಿಂಗಳಿಂದ. ವಾರಕ್ಕೊಮ್ಮೆ ತೆಗೆದರೆ ಐದರ ಒಳಗೇ ಆಯಿತು. ಮೂಲ ಉಳಿತಾಯ ಖಾತೆಯಾದರೆ ತಿಂಗಳಿಗೆ ನಾಲ್ಕು ಅಂತ ಲೆಕ್ಕ ಇಟ್ಟುಕೊಳ್ಳಿ. ಬೆರಳಚ್ಚು ತೆಗೆದುಕೊಂಡು ಖಾತೆಯಿಂದ ನಗದು ಕೊಡುವ ಊರಿನ ಮಶೀನಿನವನು ಸಾವಿರಕ್ಕೆ ಹತ್ತು ರೂಪಾಯಿ ಕೇಳುತ್ತಿದ್ದ. ‘ಯಾವ ರಸೀದಿ ಮ್ಯಾಲೆ ಬರೀತಿಯಪಾ?’ ಎಂದು ಒಬ್ಬ ಅವ್ವ ಕೇಳಿದ ಮೇಲೆ ನಿಲ್ಲಿಸಿದ್ದಾನೆ. ನಾನು ಹೇಳಿಕೊಟ್ಟ ಮಾತೇ ಅದು.

ನಡುವೆ ಒಂದಿಷ್ಟು ಹುಚ್ಚು ಪ್ರಯೋಗಗಳು. ಕೀಪ್ಯಾಡ್ ಫೋನಿನಲ್ಲಿ *99# ಒತ್ತಿ ಕಳಿಸಬಹುದಲ್ಲ, ಇಂಟರ್ನೆಟ್ ಬೇಡ, ಐದು ಸಾವಿರದ ಮಿತಿ. ಕರೆಂಟ್ ಹೋಗಿ ಟವರ್ ಕುಂಟುತ್ತಿದ್ದ ಒಂದು ಸಂಜೆ ಮಾಡಿ ನೋಡಿದೆ. ಹೋಗುತ್ತದೆ. ಆದರೆ ಖಾತೆ ನಂಬರ್ ಒತ್ತುವಷ್ಟರಲ್ಲಿ ಸಮಯ ಮುಗಿದು ಮತ್ತೆ ಮೊದಲಿಂದ. ಮೂವತ್ತು ಮಂದಿಗೆ ಅಂದರೆ ಹೆಬ್ಬೆರಳು ಸವೆಯುತ್ತದೆ. ಅಂಚೆ ಮನಿಯಾರ್ಡರನ್ನೂ ಬಿಡಲಿಲ್ಲ. ಇಪ್ಪತ್ತು ರೂಪಾಯಿಗೆ ಒಂದು ರೂಪಾಯಿ ಕಮಿಷನ್, ಸಾವಿರಕ್ಕೆ ಐವತ್ತು. ಮನೆ ಬಾಗಿಲಿಗೆ ಪೋಸ್ಟ್‌ಮನ್ ತಂದು ಕೊಟ್ಟಾಗ ಒಬ್ಬ ಅಜ್ಜಿಗೆ ಬಹಳ ಸಂತೋಷ, ‘ಹಿಂಗ ಕಳಸ್ರಿ’ ಎಂದಳು. ಶೇಕಡ ಐದು ಕೊಟ್ಟು ಹಿಂಗ ಕಳಿಸಿದರೆ ನಾನು ಅಂಗಡಿ ಮುಚ್ಚಬೇಕು. ಒಂದು ವ್ಯಾಲೆಟ್ ಕೂಡ ನೋಡಿದೆ. ಒಳಗೆ ಹಾಕುವುದು ಪುಕ್ಕಟೆ, ಹೊರಗೆ ಬ್ಯಾಂಕಿಗೆ ತೆಗೆಯಲಿಕ್ಕೆ ಶುಲ್ಕ.

ಯುಪಿಐಯಲ್ಲಿ ಹಣ ಕಟ್ಟಾಗಿ ಅತ್ತ ಮುಟ್ಟದೆ ಇರುವುದೂ ಉಂಟು. ಆಗ ಗಾಬರಿಯಾಗಿ ಎರಡನೇ ಸಲ ಕಳಿಸಬೇಡಿ. ಮಾರನೇ ದಿನದೊಳಗೆ ವಾಪಸ್ ಬರಬೇಕು. ಬರದಿದ್ದರೆ ಅಲ್ಲಿಂದ ದಿನಕ್ಕೆ ನೂರು ರೂಪಾಯಿ ಪರಿಹಾರ, ಗ್ರಾಹಕ ಕೇಳದಿದ್ದರೂ ಕೊಡಬೇಕು ಎಂದು ಆರ್‌ಬಿಐ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಹೇಳಿದೆ. ನನ್ನ ಎರಡು ಸಾವಿರ ಚಿಲ್ಲರೆ ಹೀಗೆ ಒಮ್ಮೆ ವಾರದ ಮೇಲೆ ನಡುವೆ ಸಿಕ್ಕಿಕೊಂಡಿತ್ತು. ಆ ಸುತ್ತೋಲೆಯ ತಾರೀಖು ಹಾಕಿ ಅರ್ಜಿ ಬರೆದೆ. ಕೌಂಟರಿನ ಹುಡುಗ ನಕ್ಕ. ತಿಂಗಳೊಳಗೆ ಉತ್ತರ ಬರದಿದ್ದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗುತ್ತೇನೆ, ಅದಕ್ಕೆ ಶುಲ್ಕ ಇಲ್ಲ, 14448 ನಂಬರ್ ನನ್ನ ಹತ್ತಿರ ಇದೆ ಎಂದೆ. ಹೋಗಬೇಕಾಗಿ ಬರಲಿಲ್ಲ. ಆರೋ ಏಳೋ ನೂರು ಖಾತೆಗೆ ಬಂತು. ಆ ಸ್ಲಿಪ್ಪಿನ ಫೋಟೋ ಪೇಟೆಯಲ್ಲೆಲ್ಲ ಓಡಾಡಿತು. ಅರ್ಜಿಯಲ್ಲಿ ಮೊದಲ ಸಾಲು ಹೇಗೆ ಬರೆದೆ ಎಂಬುದನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಅದು ನನ್ನ ಆಸ್ತಿ. ಅಮೀನಗಡದ ಕರದಂಟು ಕೊಟ್ಟು ಕೆಲಸ ಮಾಡಿಸಿಕೊಂಡೆ ಎಂಬ ಸುದ್ದಿ ಸುಳ್ಳು.

ದೊಡ್ಡ ಮೊತ್ತದ ವಿಷಯ ಬೇಗ ಮುಗಿಸುತ್ತೇನೆ. ನೂಲಿನವರಿಗೆ ಐಎಂಪಿಎಸ್ ನಿಲ್ಲಿಸಿ ಎನ್‌ಇಎಫ್‌ಟಿ ಮಾಡಿದೆ. ಅದು 2019ರ ಡಿಸೆಂಬರ್‌ನಿಂದ ಹಗಲು ರಾತ್ರಿ, ರಜೆಯಲ್ಲೂ ನಡೆಯುತ್ತದೆ, ಅರ್ಧ ಗಂಟೆಗೊಂದು ಬ್ಯಾಚು. ನೂಲಿನವರಿಗೆ ಅರ್ಧ ಗಂಟೆ ಕಾಯಲಿಕ್ಕೆ ಏನು ಧಾಡಿ? ಎರಡು ಲಕ್ಷ ದಾಟಿದರೆ ಆರ್‌ಟಿಜಿಎಸ್. ನಮ್ಮ ಬ್ಯಾಂಕಿನಲ್ಲೇ ಇನ್ನೊಂದು ಬಗೆಯ ಚಾಲ್ತಿ ಖಾತೆ ಇತ್ತು, ಆನ್‌ಲೈನ್‌ನಲ್ಲಿ ಮಾಡಿದರೆ ಇವೆರಡೂ ಪುಕ್ಕಟೆ. ಬ್ಯಾಲೆನ್ಸ್ ಸ್ವಲ್ಪ ಜಾಸ್ತಿ ಇಡಬೇಕು. ಆ ಖಾತೆಗೆ ಬದಲಿಸಿ ಎಂದು ಒಂದು ಅರ್ಜಿ ಕೊಟ್ಟೆ, ನಂಬರ್ ಕೂಡ ಬದಲಾಗಲಿಲ್ಲ. ಶುಲ್ಕದ ಪಟ್ಟಿ ಪ್ರತಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಇರುತ್ತದೆ, ಒಂದು ರಾತ್ರಿ ಕೂತು ಓದಿ. ಸಣ್ಣ ಅಕ್ಷರ, ಕನ್ನಡಕ ಬೇಕು.

ಬರುವ ಹಣದ್ದು ಹೆಚ್ಚು ಹಠದ ಕೆಲಸ. ಸೊಲ್ಲಾಪುರದವರಿಗೆ ಫೋನ್ ಮಾಡಿ ಇನ್ನು ಮುಂದೆ ನಗದು ಕಟ್ಟಬೇಡಿ ಎಂದೆ. ‘ಅರೆ ಭಾವು, ಇಷ್ಟು ವರ್ಷ ನಡೆದಿದೆಯಲ್ಲ’ ಎಂದರು. ನಗದು ಕಟ್ಟಿದರೆ ಅದರ ಶುಲ್ಕ ನಿಮ್ಮ ಬಿಲ್ಲಿಗೇ ಬರೆಯುತ್ತೇನೆ ಎಂದು ಹೇಳಿ, ಎರಡು ಬಿಲ್ಲಿಗೆ ಬರೆದೂ ಬರೆದೆ. ಒಬ್ಬರು ವ್ಯಾಪಾರ ಬಿಟ್ಟರು, ಹಬ್ಬದ ಹೊತ್ತಿಗೆ ಮತ್ತೆ ಬಂದರು. ಒಬ್ಬರಿಂದ ಒಂದು ದಿನದಲ್ಲಿ ಎರಡು ಲಕ್ಷ ಅಥವಾ ಮೇಲೆ ನಗದು ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿನಲ್ಲೇ ಇಲ್ಲ. ಆ ಮಾತನ್ನು ಆಡಿಟರ್ ಬಾಯಿಂದ ಹೇಳಿಸಿದ ಮೇಲೆ ದೊಡ್ಡ ಅಂಗಡಿಯವರು ತಾವಾಗಿಯೇ ಎನ್‌ಇಎಫ್‌ಟಿಗೆ ಬಂದರು. ಸಣ್ಣವರು ಕ್ಯೂಆರ್‌ಗೆ ಹಾಕುತ್ತಾರೆ. ಅವರನ್ನು ತಿಂಗಳ ಐದನೇ ತಾರೀಖಿನ ಒಳಗೆ ಹಾಕುವ ಹಾಗೆ ಹೇಗೆ ಮಾಡಿದೆ ಎಂಬುದನ್ನೂ ಬರೆಯುವುದಿಲ್ಲ, ಓದುವವರಲ್ಲಿ ಸೊಲ್ಲಾಪುರದವರೂ ಇರಬಹುದು. ಸೌಂಡ್ ಬಾಕ್ಸ್ ವಾಪಸ್ ಕೊಟ್ಟೆ. ದಿನಕ್ಕೆ ನಾಲ್ಕು ಪೇಮೆಂಟ್ ಬರುವ ಅಂಗಡಿಗೆ ಕೂಗಿ ಹೇಳುವವನು ಯಾಕೆ?

ಇನ್ನೂ ಉಳಿದಿರುವುದು ಎಸ್‌ಎಂಎಸ್ ಶುಲ್ಕ, ಅಪರೂಪಕ್ಕೊಂದು ಚೆಕ್ಕು, ಪುಣೆಯ ಒಬ್ಬ ಹಳೇ ಗಿರಾಕಿಯ ನಗದು. ಅವರು ನಮ್ಮ ಅಪ್ಪನ ಕಾಲದವರು, ಅವರಿಗೆ ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಸೂಳೇಭಾವಿಯ ಇಬ್ಬರು ಅಜ್ಜಿಯರು ಈಗಲೂ ಕೈಗೇ ರೊಕ್ಕ ಬೇಕು ಅನ್ನುತ್ತಾರೆ. ಸೀರೆ ತರಲಿಕ್ಕೆ ಹೋಗುವ ಹುಡುಗನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.